ಮೂರನೇ ಸಲಕ್ಕೆ ಪಾಸಾದ ಸುಬ್ಬರಾವ್

ಹಳಿಯಾಳದ ನಮ್ಮ ಕಾಕಾ ಕೆಲವು ವರ್ಷಗಳಿಂದ ದಿನವೂ ಊಟದ ಜೊತೆ ಒಂದು ಮಾತ್ರೆ ನುಂಗುತ್ತಾರೆ. ಅವರಿಗಿರುವುದು ಸಿ.ಎಂ.ಎಲ್. ಎಂಬ ರಕ್ತದ ಕ್ಯಾನ್ಸರ್. ಮಾತ್ರೆಯ ಹೆಸರು ಇಮ್ಯಾಟಿನಿಬ್. ಬೆಳಗಿನ ಬಸ್ಸಿಗೆ ಹುಬ್ಬಳ್ಳಿಗೆ ಹೋಗಿ ತಪಾಸಣೆ ಮಾಡಿಸಿಕೊಂಡು, ಸಂಜೆ ಎಮ್ಮೆ ಕರೆಯುವ ಹೊತ್ತಿಗೆ ಮನೆಗೆ ಬರುತ್ತಾರೆ. ನಾನು ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸದಲ್ಲಿರುವವನು, ವೈದ್ಯನಲ್ಲ. ಆದರೂ ಈ ಮಾತ್ರೆ ಹೇಗೆ ಕೆಲಸ ಮಾಡುತ್ತದೆ ಎಂದು ಓದುತ್ತ ಹೋದಾಗ ಡಾ. ಯಲ್ಲಾಪ್ರಗಡ ಸುಬ್ಬರಾವ್ ಅವರ ಜೀವನ ತಿಳಿಯಿತು. ನಮ್ಮ ಶಾಲೆಯ ಮಕ್ಕಳಿಗೆ ಅದನ್ನು ಹೇಳಬೇಕೆನಿಸಿತು.

ಸುಬ್ಬರಾವ್ ಹುಟ್ಟಿದ್ದು 1895ರ ಜನವರಿ 12ರಂದು, ಆಗಿನ ಮದ್ರಾಸ್ ಪ್ರಾಂತದ ಭೀಮಾವರಂನಲ್ಲಿ. ಓದಿನಲ್ಲಿ ಮನಸ್ಸಿರಲಿಲ್ಲ. ದುಡ್ಡು ಗಳಿಸುತ್ತೇನೆಂದು ಕಾಶಿಗೆ ಹೊರಟ ಹುಡುಗನನ್ನು ದಾರಿಯಲ್ಲೇ ಹಿಡಿದು ತಂದರು. ಮೆಟ್ರಿಕ್ಯುಲೇಶನ್‌ನಲ್ಲಿ ಎರಡು ಸಲ ಫೇಲಾದರು. ತಾಯಿ ವೆಂಕಮ್ಮ ಬಿಡಲಿಲ್ಲ. ಮದ್ರಾಸಿನ ಹಿಂದೂ ಹೈಸ್ಕೂಲಿನಿಂದ ಮೂರನೇ ಸಲ ಪರೀಕ್ಷೆ ಕಟ್ಟಿ ಪಾಸಾದರು.

ಮುಂದೆ ಮದ್ರಾಸ್ ಮೆಡಿಕಲ್ ಕಾಲೇಜು ಸೇರಿದರು. ಗಾಂಧೀಜಿಯವರ ಕರೆಗೆ ಓಗೊಟ್ಟು ಖಾದಿಯ ಗೌನ್ ತೊಟ್ಟಿದ್ದು ಇಂಗ್ಲಿಷ್ ಪ್ರಾಧ್ಯಾಪಕರಿಗೆ ಹಿಡಿಸಲಿಲ್ಲ. ಎಂ.ಬಿ.ಬಿ.ಎಸ್. ಬದಲು ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್. ಪದವಿ ಸಿಕ್ಕಿತು. ಅದೇ ಕಾಲದಲ್ಲಿ ಅವರ ಇಬ್ಬರು ಸಹೋದರರು ಕೆಲವೇ ದಿನಗಳ ಅಂತರದಲ್ಲಿ ಸ್ಪ್ರೂ ಎಂಬ ರೋಗದಿಂದ ತೀರಿಕೊಂಡರು. ಉಂಡದ್ದು ಮೈಗೆ ಹತ್ತದೆ ಮನುಷ್ಯ ಸವೆದುಹೋಗುವ ರೋಗ ಅದು, ಆಗ ಔಷಧವಿರಲಿಲ್ಲ.

1922ರಲ್ಲಿ ಅವರು ಅಮೆರಿಕದ ಬೋಸ್ಟನ್ ತಲುಪಿದರು. ಖರ್ಚಿಗೆ ಆಸ್ಪತ್ರೆಯಲ್ಲಿ ರಾತ್ರಿಪಾಳಿಯಲ್ಲಿ ರೋಗಿಗಳ ಮಲಮೂತ್ರದ ಪಾತ್ರೆ ತೊಳೆದರು. ಊರಲ್ಲಿ ಬಿಟ್ಟುಬಂದ ಹೆಂಡತಿ ಶೇಷಗಿರಿಯವರಿಗೆ ಗಂಡುಮಗು ಹುಟ್ಟಿ, ವರ್ಷ ತುಂಬುವ ಮೊದಲೇ ತೀರಿಕೊಂಡಿತು. ತಂದೆ ಆ ಮಗುವಿನ ಮುಖ ನೋಡಲಿಲ್ಲ. ಗಂಡಹೆಂಡತಿ ಮತ್ತೆ ಒಬ್ಬರನ್ನೊಬ್ಬರು ಕಾಣಲೇ ಇಲ್ಲ. ಅವರ ಸಾಧನೆ ಹೇಳುವಾಗ ಈ ಬೆಲೆಯನ್ನೂ ಹೇಳಬೇಕು.

ಹಾರ್ವರ್ಡ್‌ನಲ್ಲಿ ಸೈರಸ್ ಫಿಸ್ಕೆ ಅವರೊಡನೆ ದುಡಿದು, ರಕ್ತದಲ್ಲಿರುವ ರಂಜಕವನ್ನು ಅಳೆಯುವ ವಿಧಾನವನ್ನು 1925ರಲ್ಲಿ ಪ್ರಕಟಿಸಿದರು. 1929ರಲ್ಲಿ ಇಬ್ಬರೂ ಎ.ಟಿ.ಪಿ.ಯನ್ನು ಗುರುತಿಸಿದರು. ಅದೇ ವರ್ಷ ಜರ್ಮನಿಯ ಕಾರ್ಲ್ ಲೋಮನ್ ಕೂಡ ಬೇರೆಯಾಗಿ ಅದನ್ನು ಕಂಡುಹಿಡಿದಿದ್ದರು. ಜೀವಕೋಶಕ್ಕೆ ಶಕ್ತಿ ಒದಗಿಸುವ ವಸ್ತು ಇದು ಎಂದು ನಮ್ಮ ಜೀವಶಾಸ್ತ್ರದ ಪುಸ್ತಕದಲ್ಲಿಯೇ ಓದಿದ್ದೇವೆ.

ಹಾರ್ವರ್ಡ್‌ನಲ್ಲಿ ಕಾಯಂ ಹುದ್ದೆ ಸಿಗಲಿಲ್ಲ. 1940ರಲ್ಲಿ ನ್ಯೂಯಾರ್ಕ್ ರಾಜ್ಯದ ಲೆಡರ್ಲೆ ಪ್ರಯೋಗಾಲಯ ಸೇರಿದರು. ಅಲ್ಲಿ ಅವರ ತಂಡ ಫೋಲಿಕ್ ಆಮ್ಲವನ್ನು ತಯಾರಿಸಿತು. ಸಹೋದರರನ್ನು ಕೊಂದ ಸ್ಪ್ರೂ ರೋಗಕ್ಕೆ ಅದೇ ಔಷಧವಾಯಿತು. ಆನೆಕಾಲು ರೋಗಕ್ಕೆ ಇಂದಿಗೂ ಕೊಡುವ ಡಿ.ಇ.ಸಿ. ಮಾತ್ರೆಯೂ ಅಲ್ಲಿಯದೇ. ಕೋಶ ಇಬ್ಭಾಗವಾಗಲು ಫೋಲಿಕ್ ಆಮ್ಲ ಬೇಕು. ಅದನ್ನು ತಡೆಯುವ ಅಮೈನೋಪ್ಟೆರಿನ್ ಎಂಬ ಔಷಧವನ್ನೂ ಅವರು ಸಿದ್ಧಪಡಿಸಿದರು. ಬೋಸ್ಟನ್ನಿನ ಡಾ. ಸಿಡ್ನಿ ಫಾರ್ಬರ್ ಅದನ್ನು ರಕ್ತದ ಕ್ಯಾನ್ಸರಿನ 16 ಮಕ್ಕಳಿಗೆ ಕೊಟ್ಟಾಗ 10 ಮಕ್ಕಳು ಚೇತರಿಸಿಕೊಂಡರು. ಆ ಚೇತರಿಕೆ ತಾತ್ಕಾಲಿಕವಾಗಿತ್ತು. ಆದರೂ ಔಷಧದಿಂದ ಈ ಕ್ಯಾನ್ಸರನ್ನು ಹಿಮ್ಮೆಟ್ಟಿಸಬಹುದೆಂದು ಮೊದಲು ತೋರಿದ್ದು ಆಗಲೇ. ಅದರ ತಮ್ಮನಂಥ ಮೆಥೊಟ್ರೆಕ್ಸೇಟ್ ಇಂದಿಗೂ ಬಳಕೆಯಲ್ಲಿದೆ. 1948ರ ಜೂನ್‌ನಲ್ಲಿ ಆ ವರದಿ ಪ್ರಕಟವಾಯಿತು. ಅದೇ ಆಗಸ್ಟ್‌ನಲ್ಲಿ ಸುಬ್ಬರಾವ್ ಹೃದಯಾಘಾತದಿಂದ ತೀರಿಕೊಂಡರು. ವಯಸ್ಸು 53. ಕೊನೆಯವರೆಗೂ ಅಮೆರಿಕದ ಪೌರತ್ವ ಪಡೆದಿರಲಿಲ್ಲ.

ಇನ್ನು ಕಾಕಾನ ಮಾತ್ರೆಯ ಮಾತು. ಕೋಶದೊಳಗೆ ಸುದ್ದಿ ಮುಟ್ಟಿಸುವ ಪ್ರೋಟೀನುಗಳಿವೆ. ಅವುಗಳಲ್ಲಿ ಕೈನೇಸ್ ಎಂಬವು ಎ.ಟಿ.ಪಿ.ಯಿಂದ ಒಂದು ಫಾಸ್ಫೇಟ್ ತೆಗೆದು ಮುಂದಿನ ಪ್ರೋಟೀನಿಗೆ ಅಂಟಿಸುತ್ತವೆ; ಕೋಶ ಬೆಳೆಯಬೇಕೆಂಬ ಸುದ್ದಿ ಹೀಗೆ ಸಾಗುತ್ತದೆ. ಸಿ.ಎಂ.ಎಲ್.ನಲ್ಲಿ ಇಂಥ ಒಂದು ಕೈನೇಸ್ ನಿಲ್ಲುವುದನ್ನೇ ಮರೆಯುತ್ತದೆ, ನಿಲ್ಲಿಸುವ ಷರತ್ತು ಬರೆಯದ ಪ್ರೋಗ್ರಾಮಿನ ಹಾಗೆ. ಎ.ಟಿ.ಪಿ. ಕೂರುವ ಜಾಗದಲ್ಲಿ ಇಮ್ಯಾಟಿನಿಬ್ ಕೂತುಬಿಡುತ್ತದೆ, ಸುದ್ದಿ ನಿಲ್ಲುತ್ತದೆ. 2001ರಲ್ಲಿ ಬಳಕೆಗೆ ಬಂದ ಈ ಮಾತ್ರೆಯನ್ನು ಮಾಡಿದವರು ಬೇರೆಯವರು. ಆದರೆ ಅದು ಕೂರುವ ಕುರ್ಚಿ ಯಾರದೆಂದು ಲೋಕಕ್ಕೆ ತಿಳಿಸಿದವರಲ್ಲಿ ಸುಬ್ಬರಾವ್ ಒಬ್ಬರು.

ನಮ್ಮ ಹೆಣ್ಣುಮಕ್ಕಳಿಗೆ ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ಕಬ್ಬಿಣಾಂಶದ ಮಾತ್ರೆಯಲ್ಲಿ ಫೋಲಿಕ್ ಆಮ್ಲವೂ ಇದೆ. ನುಂಗುವಾಗ ಅವರನ್ನು ನೆನೆಯಲಿ.

ನಮ್ಮ ಬ್ಯಾಚಿನಲ್ಲಿ ಎಸ್ಸೆಸ್ಸೆಲ್ಸಿ ಫೇಲಾದ ಕೆಲವರು ಮತ್ತೆ ಪರೀಕ್ಷೆ ಕಟ್ಟಲಿಲ್ಲ. ಕಟ್ಟು ಎಂದು ಹೇಳಲು ನಾವ್ಯಾರೂ ಅವರ ಮನೆಗೆ ಹೋಗಲಿಲ್ಲ. ಜೋಯಿಡಾದ ಕಾಡಿನ ಹಾದಿ ನಡೆದು ಶಾಲೆಗೆ ಬರುವ ಮಗು ಒಮ್ಮೆ ಫೇಲಾದರೆ ಓದು ಅಲ್ಲಿಗೇ ಮುಗಿಯಬಾರದು. ಹಳೆಯ ವಿದ್ಯಾರ್ಥಿಗಳೇ, ಈ ಸುವರ್ಣ ವರ್ಷದಿಂದ ಫಲಿತಾಂಶ ಬಂದ ವಾರದೊಳಗೆ ಅಂಥ ಮಕ್ಕಳ ಮನೆಗೆ ಹೋಗೋಣ, ಮರುಪರೀಕ್ಷೆಯ ಫೀ ತುಂಬೋಣ. ಸುಬ್ಬರಾವ್ ಪಾಸಾದದ್ದು ಮೂರನೇ ಸಲಕ್ಕೆ.