ಆಟಿಸಂ ಗುರುತಿಸಿದ ವೈದ್ಯ, ತಪ್ಪು ಹೊತ್ತ ತಾಯಂದಿರು

ಮಗುವಿಗೆ ಎರಡು ವರ್ಷ ತುಂಬಿದರೂ ಮಾತು ಬಂದಿಲ್ಲ. ಹೆಸರು ಹಿಡಿದು ಕರೆದರೂ ತಿರುಗಿ ನೋಡಲ್ಲ. ಒಂದು ತಟ್ಟೆ ಸಿಕ್ಕರೆ ಸಾಕು, ಗಂಟೆಗಟ್ಟಲೆ ಗಿರಗಿರ ತಿರುಗಿಸ್ತಾ ಕೂತುಬಿಡುತ್ತೆ. ಇಂಥ ಮಗು ಇರುವ ಮನೆಗೆ ಬಂದವರು ಮೊದಲು ಯಾರ ಮುಖ ನೋಡ್ತಾರೆ ಹೇಳಿ? ತಾಯಿಯದ್ದೇ ಅಲ್ಲವೇ? ಬಸುರಿಯಿದ್ದಾಗ ಸರಿಯಾಗಿ ತಿನ್ನಲಿಲ್ಲ, ಮಗುವನ್ನು ಎತ್ತಿ ಆಡಿಸಲಿಲ್ಲ, ಬೆಳಿಗ್ಗೆ ಎದ್ದು ಕೆಲಸಕ್ಕೆ ಓಡ್ತಾಳಲ್ಲ ಅದಕ್ಕೇ ಹೀಗಾಯ್ತು ಅಂತ ಒಬ್ಬೊಬ್ಬರದ್ದು ಒಂದೊಂದು ತೀರ್ಪು.

ಈ ಮಾತು ನಮ್ಮ ಅತ್ತೆ, ಅಕ್ಕಪಕ್ಕದವರ ಬಾಯಲ್ಲಿ ಮಾತ್ರ ಹುಟ್ಟಿದ್ದು ಅಂದುಕೊಳ್ಳಬೇಡಿ. ಸುಮಾರು ಇಪ್ಪತ್ತು ವರ್ಷ ಕಾಲ ಅಮೆರಿಕದ ದೊಡ್ಡ ದೊಡ್ಡ ತಜ್ಞರೂ ಇದನ್ನೇ ಹೇಳ್ತಿದ್ದರು, ಅದೂ ವಿಜ್ಞಾನದ ಹೆಸರಿನಲ್ಲಿ. ಅದಕ್ಕೆ ದಾರಿ ಮಾಡಿಕೊಟ್ಟವರು ಆಟಿಸಂ ಎಂಬ ತೊಂದರೆಯನ್ನು ಜಗತ್ತಿಗೆ ಪರಿಚಯಿಸಿದ ಮನೋವೈದ್ಯ ಲಿಯೋ ಕ್ಯಾನರ್. ವಿಚಿತ್ರ ಅಂದ್ರೆ ತಾಯಂದಿರ ಪರವಾಗಿ ಒಂದು ಇಡೀ ಪುಸ್ತಕ ಬರೆದವರೂ ಇವರೇ!

ಕ್ಯಾನರ್ ಹುಟ್ಟಿದ್ದು 1894ರಲ್ಲಿ, ಆಗ ಆಸ್ಟ್ರಿಯಾ-ಹಂಗೆರಿ ಸಾಮ್ರಾಜ್ಯದಲ್ಲಿದ್ದ, ಈಗ ಉಕ್ರೇನಿಗೆ ಸೇರಿದ ಕ್ಲೆಕೊಟಿವ್ ಎಂಬ ಹಳ್ಳಿಯ ಯಹೂದಿ ಕುಟುಂಬದಲ್ಲಿ. ಹುಡುಗನಾಗಿದ್ದಾಗಲೇ ಬರ್ಲಿನ್‌ಗೆ ಬಂದರು. ಅಲ್ಲೇ ವೈದ್ಯಕೀಯ ಓದು. ನಡುವೆ ಮೊದಲ ಮಹಾಯುದ್ಧ ಬಂದು ಸೈನ್ಯದಲ್ಲಿ ಕೆಲಸ ಮಾಡಬೇಕಾಯಿತು, ಹಾಗಾಗಿ ಪದವಿ ಕೈಗೆ ಬಂದಿದ್ದು 1921ಕ್ಕೆ. 1924ರಲ್ಲಿ ಅಮೆರಿಕಕ್ಕೆ ಹೊರಟರು. ಕೆಲಸ ಸಿಕ್ಕಿದ್ದು ಸೌತ್ ಡಕೋಟದ ಯಾಂಕ್ಟನ್ ಊರಿನ ಸರ್ಕಾರಿ ಮಾನಸಿಕ ಆಸ್ಪತ್ರೆಯಲ್ಲಿ. 1928ರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್‌ಗೆ ಹೋಗಿ, ಅಡಾಲ್ಫ್ ಮೇಯರ್ ಎಂಬ ಹೆಸರಾಂತ ಮನೋವೈದ್ಯರ ಕೈಕೆಳಗೆ ಸೇರಿಕೊಂಡರು. 1930ರಲ್ಲಿ ಅಲ್ಲಿ ಮಕ್ಕಳಿಗೇ ಅಂತ ಒಂದು ಮನೋವೈದ್ಯ ವಿಭಾಗ ಶುರುವಾಯಿತು, ಅದರ ಹೊಣೆ ಕ್ಯಾನರ್ ಹೆಗಲಿಗೆ ಬಂತು.

ಮಕ್ಕಳ ಮನಸ್ಸಿಗೂ ಬೇರೆ ವೈದ್ಯ ಬೇಕಾ ಅಂತ ಕೇಳುವ ಕಾಲ ಅದು. 1935ರಲ್ಲಿ ಬಂದ ಕ್ಯಾನರ್ ಅವರ ಚೈಲ್ಡ್ ಸೈಕಿಯಾಟ್ರಿ ಈ ವಿಷಯದ ಮೇಲೆ ಇಂಗ್ಲಿಷಿನಲ್ಲಿ ಬಂದ ಮೊದಲ ಪಠ್ಯಪುಸ್ತಕ. ಮತ್ತೆ ಮತ್ತೆ ಅಚ್ಚಾಗಿ, ಮಕ್ಕಳ ಮನೋವೈದ್ಯರಾಗಲು ಹೊರಟವರೆಲ್ಲ ಓದಲೇಬೇಕಾದ ಪುಸ್ತಕವಾಯಿತು.

ಈ ಮನುಷ್ಯನ ಬಗ್ಗೆ ನಿಮಗೆ ಒಳ್ಳೆಯ ಅಭಿಪ್ರಾಯ ಬರುವಂಥ ಎರಡು ಸಂಗತಿ ಮೊದಲು ಹೇಳಿಬಿಡ್ತೀನಿ, ಯಾಕಂದ್ರೆ ಮುಂದೆ ಸಿಟ್ಟು ಬರುತ್ತೆ. ಮೇರಿಲ್ಯಾಂಡಿನ ರೋಸ್‌ವುಡ್ ಎಂಬಲ್ಲಿ ಬುದ್ಧಿಮಾಂದ್ಯರಿಗಾಗಿ ಒಂದು ಸರ್ಕಾರಿ ಸಂಸ್ಥೆ ಇತ್ತು. ಅಲ್ಲಿಂದ 166 ಜನರನ್ನು, ಅವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು, ಕೋರ್ಟ್ ಮೂಲಕ ಬಿಡಿಸಿಕೊಂಡು ಹೋಗಿದ್ದರು. ಬಿಡಿಸಿದ್ದು ಕನಿಕರದಿಂದಲ್ಲ, ಶ್ರೀಮಂತರ ಮನೆಗಳಿಗೆ ಪುಕ್ಕಟೆಯಾಗಿ ಮನೆಗೆಲಸದವರು ಸಿಗಲಿ ಅಂತ! ಕೆಲಸ ಸರಿಹೋಗದಿದ್ದರೆ ಬೀದಿಗೆ ಬಿಡೋದು, ಇನ್ನೊಬ್ಬಳನ್ನು ತರೋದು. ಆ ಹುಡುಗಿಯರು ಕೊನೆಗೆ ಎಲ್ಲೆಲ್ಲಿ ಸೇರಿದರು, ಏನಾದರು ಅಂತ ಕ್ಯಾನರ್ ಪತ್ತೆ ಮಾಡಿಸಿ 1937ರಲ್ಲಿ ವೈದ್ಯರ ಸಮ್ಮೇಳನದಲ್ಲೇ ಬಯಲು ಮಾಡಿದರು. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಆಮೇಲೆ 1942ರಲ್ಲಿ, ಬುದ್ಧಿ ಬೆಳೆಯದ ಮಕ್ಕಳಿಗೆ ದಯಾಮರಣ ಕೊಡುವುದೇ ಮೇಲು ಅಂತ ಫಾಸ್ಟರ್ ಕೆನಡಿ ಎಂಬ ನರರೋಗ ತಜ್ಞರು ವಾದಿಸಿದಾಗ, ಅದೇ ಪತ್ರಿಕೆಯಲ್ಲಿ ಅದಕ್ಕೆ ವಿರುದ್ಧವಾಗಿ ಬರೆದವರೂ ಕ್ಯಾನರ್.

ತಾಯಂದಿರ ಪರವಾದ ಪುಸ್ತಕ ಬಂದಿದ್ದು 1941ರಲ್ಲಿ. ಹೆಸರೇ ಇನ್ ಡಿಫೆನ್ಸ್ ಆಫ್ ಮದರ್ಸ್. ಮಗುವನ್ನು ಹೀಗೆ ಹಿಡಿ, ಹಾಗೆ ಮಲಗಿಸು, ಒಂದು ಹೆಚ್ಚುಕಮ್ಮಿ ಆದರೂ ಮಗುವಿನ ಮನಸ್ಸು ಕೆಟ್ಟುಹೋಗುತ್ತೆ ಅಂತ ಹೆದರಿಸುವ ಪಂಡಿತರ ಮಾತಿಗೆ ಕಿವಿಗೊಡದೆ ಧೈರ್ಯವಾಗಿ ಮಕ್ಕಳನ್ನು ಬೆಳೆಸಿ ಅನ್ನೋದೇ ಅದರ ಸಾರ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. 1938ರಲ್ಲಿ ಮಿಸಿಸಿಪ್ಪಿ ರಾಜ್ಯದ ಫಾರೆಸ್ಟ್ ಎಂಬ ಚಿಕ್ಕ ಊರಿನಿಂದ ಕ್ಯಾನರ್‌ಗೆ ಒಂದು ಕಾಗದ ಬಂತು. ಬರೆದವರು ಒಬ್ಬ ವಕೀಲರು. ಟೈಪ್ ಮಾಡಿದ 33 ಪುಟ! ಎಲ್ಲಾ ಅವರ ಮಗ ಡೊನಾಲ್ಡ್ ಬಗ್ಗೆ. ಒಂದು ವರ್ಷಕ್ಕೇ ರಾಗ ತಪ್ಪದೆ ಹಾಡು ಗುನುಗುತ್ತಿದ್ದ ಹುಡುಗ, ಎರಡು ವರ್ಷಕ್ಕೆ ಬೈಬಲ್ಲಿನ ಕೀರ್ತನೆ ಬಾಯಿಪಾಠ ಹೇಳ್ತಿದ್ದ. ಅಕ್ಷರಮಾಲೆಯನ್ನು ಹಿಂದುಮುಂದಾಗಿಯೂ ಒಪ್ಪಿಸುತ್ತಿದ್ದ. ಆದರೆ ಅಪ್ಪ ಮನೆಗೆ ಬಂದರೂ ಅಷ್ಟೇ, ಹೋದರೂ ಅಷ್ಟೇ. ಕೈಗೆ ಸಿಕ್ಕಿದ್ದನ್ನೆಲ್ಲ ಬುಗುರಿಯ ಹಾಗೆ ತಿರುಗಿಸ್ತಾನೆ, ಯಾರಾದ್ರೂ ತಡೆದರೆ ಕಿರುಚಾಟ. ತನ್ನನ್ನು ನಾನು ಅನ್ನಲ್ಲ, ನೀನು ಅಂತಾನೆ. ಪರಿಸರ ಬದಲಾದರೆ ಸರಿಹೋಗಬಹುದು ಅಂತ ವೈದ್ಯರ ಸಲಹೆ ಮೇಲೆ ಮೂರು ವರ್ಷದ ಕೂಸನ್ನು ಮನೆಯಿಂದ ದೂರ ಒಂದು ಸಂಸ್ಥೆಯಲ್ಲಿ ಬಿಟ್ಟಿದ್ದರು. ಸುಮಾರು ಒಂದು ವರ್ಷವಾದ ಮೇಲೆ ತಂದೆತಾಯಿ ಹೋಗಿ ವಾಪಸ್ ಕರಕೊಂಡು ಬಂದರು.

ಡೊನಾಲ್ಡ್ ನಂತರ ಇದೇ ಥರದ ಮಕ್ಕಳು ಒಬ್ಬೊಬ್ಬರಾಗಿ ಕ್ಯಾನರ್ ಹತ್ತಿರ ಬಂದರು. 1943ರಲ್ಲಿ ನರ್ವಸ್ ಚೈಲ್ಡ್ ಎಂಬ ಪತ್ರಿಕೆಯಲ್ಲಿ 11 ಮಕ್ಕಳ ಬಗ್ಗೆ, ಎಂಟು ಗಂಡು ಮೂರು ಹೆಣ್ಣು, ಅವರ ಲೇಖನ ಬಂತು. ತನ್ನ ಪಾಡಿಗೆ ತಾನು ಒಂಟಿಯಾಗಿ ಇರುವುದು, ಯಾವುದೂ ಒಂದು ಚೂರೂ ಬದಲಾಗಬಾರದು ಎಂಬ ಹಟ, ಈ ಎರಡನ್ನು ಮುಖ್ಯ ಗುರುತಾಗಿ ಹಿಡಿದರು. ಆಟಿಸಂ ಎಂಬ ಪದವನ್ನು ಮೊದಲು ಹುಟ್ಟಿಸಿದ್ದು ಸ್ವಿಟ್ಜರ್‌ಲೆಂಡಿನ ಬ್ಲಾಯ್ಲರ್, ಸ್ಕಿಜೋಫ್ರೇನಿಯಾ ರೋಗಿಗಳ ಬಗ್ಗೆ ಹೇಳುವಾಗ. ಕ್ಯಾನರ್ ಅದನ್ನು ಎರವಲು ಪಡೆದು ಮಕ್ಕಳ ಈ ತೊಂದರೆಗೆ ಇಟ್ಟರು. ಇಲ್ಲಿ ಒಂದು ಮಾತು ಬಿಡಬಾರದು. ಕ್ಯಾನರ್‌ಗಿಂತ ಹದಿನೇಳು ಹದಿನೆಂಟು ವರ್ಷ ಮೊದಲೇ ಸೋವಿಯತ್ ದೇಶದ ಮಹಿಳಾ ಮನೋವೈದ್ಯೆ ಗ್ರೂನ್ಯಾ ಸುಖರೇವಾ ಇಂಥದೇ ಲಕ್ಷಣಗಳಿದ್ದ ಆರು ಹುಡುಗರ ಬಗ್ಗೆ ಬರೆದಿದ್ದರು. ಅವರ ಹೆಸರು ಎಷ್ಟೋ ದಶಕ ಯಾರಿಗೂ ನೆನಪಾಗಲಿಲ್ಲ.

ಈಗ ಗಮನವಿಟ್ಟು ಓದಿ. ಈ ತೊಂದರೆ ಮಗುವಿಗೆ ಹುಟ್ಟಿನಿಂದಲೇ ಬಂದದ್ದು ಅಂತ ಲೇಖನದ ಕೊನೆಯಲ್ಲಿ ಕ್ಯಾನರ್ ಸ್ಪಷ್ಟವಾಗಿ ಹೇಳಿದ್ದಾರೆ. ಅದಕ್ಕೆ ಸ್ವಲ್ಪ ಮುಂಚೆಯೇ ಇನ್ನೊಂದು ಮಾತೂ ಇದೆ: ಈ ಮಕ್ಕಳ ತಂದೆತಾಯಿಯರಲ್ಲಿ ನಿಜವಾಗಿ ಬೆಚ್ಚಗಿನ ಮನಸ್ಸಿನವರು ಕಡಿಮೆ. ಹನ್ನೊಂದು ತಾಯಂದಿರಲ್ಲಿ ಒಂಬತ್ತು ಜನ ಕಾಲೇಜು ಪದವೀಧರೆಯರು ಅನ್ನೋದನ್ನೂ ಬರೆದಿಟ್ಟರು. ಅಲ್ಲ, ಆ ಕಾಲದಲ್ಲಿ ದೂರದ ಊರಿಂದ ಬಾಲ್ಟಿಮೋರ್‌ವರೆಗೆ ಮಗುವನ್ನು ಕರೆದುಕೊಂಡು ಬರೋಕೆ ಓದಿದವರಿಗೆ, ಕೈಯಲ್ಲಿ ಕಾಸಿದ್ದವರಿಗೆ ತಾನೇ ಆಗ್ತಿದ್ದದ್ದು? ಬಡವರ ಮಕ್ಕಳಲ್ಲಿ ಆಟಿಸಂ ಇರಲಿಲ್ಲ ಅಂತಲ್ಲ, ಅವರು ಕ್ಯಾನರ್ ಬಾಗಿಲಿಗೆ ಬರಲೇ ಇಲ್ಲ.

ನನಗೆ ಎಲ್ಲಕ್ಕಿಂತ ಸಂಕಟ ತಂದಿದ್ದು ಇನ್ನೊಂದು. ಮಗು ಯಾವತ್ತು ಏನಂದಿತು, ಎಷ್ಟು ಹಾಡು ಕಲಿಯಿತು, ಯಾವುದಕ್ಕೆ ಅತ್ತಿತು ಅಂತ ಹೆತ್ತವರು ದಿನಚರಿ ಬರೆದಿಟ್ಟು ತಂದುಕೊಟ್ಟಿದ್ದರು. ಕ್ಯಾನರ್ ಲೇಖನದ ಜೀವಾಳವೇ ಆ ವಿವರಗಳು. ಅದೇ ಲೇಖನದಲ್ಲಿ, ಇಷ್ಟು ಕೂಲಂಕಷವಾಗಿ ಬರೆದಿಡುವುದೇ ಇವರ ಅತಿಯಾದ ಗೀಳಿಗೆ ಸಾಕ್ಷಿ ಅಂತಲೂ ಹೇಳಿಬಿಟ್ಟರು! ಬರೆಯದಿದ್ದರೆ ಮಗುವಿನ ಮೇಲೆ ಗಮನವಿಲ್ಲ, ಬರೆದರೆ ಗೀಳು. ತಾಯಿ ಏನು ಮಾಡಬೇಕಿತ್ತು ಹೇಳಿ?

ಬರಬರುತ್ತಾ ಮಾತು ಇನ್ನೂ ಬಿರುಸಾಯಿತು. ಹಿಮ ಕರಗದ ಫ್ರಿಜ್ಜಿನೊಳಗೆ ಇಟ್ಟ ಹಾಗೆ ಈ ಮಕ್ಕಳನ್ನು ಬೆಳೆಸಿದ್ದಾರೆ ಎಂಬ ಹೋಲಿಕೆಯನ್ನು 1940ರ ದಶಕದ ಕೊನೆಯಲ್ಲಿ ಕ್ಯಾನರ್ ಬಳಸಿದರು. 1948ರಲ್ಲಿ ಟೈಮ್ ಪತ್ರಿಕೆ ಇದನ್ನು ಮನೆಮನೆಗೂ ಮುಟ್ಟಿಸಿತು. ಫ್ರಿಜ್ ತಾಯಿ ಎಂಬ ಬಿರುದು ಅಲ್ಲಿಂದ ಅಂಟಿಕೊಂಡಿತು. ಫ್ರಿಜ್ ತಂದೆ ಅಂತ ಯಾರೂ ಅಷ್ಟಾಗಿ ಅನ್ನಲಿಲ್ಲ, ಗಮನಿಸಿ. ಮುಂದೆ ಷಿಕಾಗೋದಲ್ಲಿ ವಿಶೇಷ ಶಾಲೆ ನಡೆಸುತ್ತಿದ್ದ ಬ್ರೂನೋ ಬೆಟಲ್‌ಹೈಮ್ 1967ರ ಪುಸ್ತಕದಲ್ಲಿ ಇದನ್ನೇ ದೊಡ್ಡ ಸಿದ್ಧಾಂತ ಮಾಡಿದರು. ತಾಯಿಯಿಂದ ಮಗುವನ್ನು ದೂರ ಮಾಡುವುದೇ ಚಿಕಿತ್ಸೆ ಅಂತಾಯಿತು. ಮಗುವಿಗೆ ಮಾತಿನ ತರಬೇತಿ ಸಿಗಬೇಕಾದ ಜಾಗದಲ್ಲಿ ತಾಯಿಯ ಮನಸ್ಸಿನ ವಿಚಾರಣೆ. ಎಷ್ಟು ಹೆಣ್ಣುಮಕ್ಕಳು ತಮ್ಮ ಕೈಯಾರೆ ಮಗುವನ್ನು ಹಾಳು ಮಾಡಿದೆ ಅಂತ ನಂಬಿಕೊಂಡೇ ಬದುಕು ಸವೆಸಿದರೋ!

ಇದನ್ನು ಮುರಿದವರು ಮತ್ತೆ ಹೆತ್ತವರೇ. ಅಮೆರಿಕದ ನೌಕಾಪಡೆಯಲ್ಲಿ ಮನಶ್ಶಾಸ್ತ್ರಜ್ಞರಾಗಿದ್ದ ಬರ್ನಾರ್ಡ್ ರಿಮ್ಲಂಡ್ ಅವರ ಮಗನಿಗೇ ಆಟಿಸಂ ಇತ್ತು. ಹೆಂಡತಿ ಎಂಥ ತಾಯಿ ಅಂತ ದಿನವೂ ಕಣ್ಣಾರೆ ಕಂಡವರು. ಸಿಕ್ಕಿದ ಲೇಖನಗಳನ್ನೆಲ್ಲ ಓದಿ, ಇದು ಮಿದುಳಿಗೆ ಸಂಬಂಧಿಸಿದ್ದು, ಪ್ರೀತಿಗೆ ಸಂಬಂಧಿಸಿದ್ದಲ್ಲ ಅಂತ 1964ರಲ್ಲಿ ಪುಸ್ತಕ ಬರೆದರು. ಅದಕ್ಕೆ ಮುನ್ನುಡಿ ಬರೆದುಕೊಟ್ಟವರು ಕ್ಯಾನರ್! 1965ರಲ್ಲಿ ರಿಮ್ಲಂಡ್, ರೂತ್ ಸುಲಿವನ್ ಎಂಬ ತಾಯಿ ಮತ್ತಿತರ ಪೋಷಕರು ಸೇರಿ ಸಂಘ ಕಟ್ಟಿದರು. 1969ರಲ್ಲಿ ಆ ಸಂಘದ ಸಭೆಗೆ ಬಂದ ಕ್ಯಾನರ್, ತುಂಬಿದ ಸಭೆಯಲ್ಲಿ ತಂದೆತಾಯಿಯರನ್ನು ಆರೋಪದಿಂದ ಬಿಡುಗಡೆ ಮಾಡಿದ್ದೇನೆ ಅಂತ ಸಾರಿದರು. ಬೆಟಲ್‌ಹೈಮ್ ಪುಸ್ತಕವನ್ನೂ ತಿರಸ್ಕರಿಸಿದರು. ತಾವು ಮೊದಲಿಂದಲೂ ಇದು ಹುಟ್ಟಿನಿಂದ ಬಂದದ್ದು ಅಂತಲೇ ಹೇಳಿದ್ದೆವು, ತಮ್ಮ ಮಾತನ್ನು ತಪ್ಪಾಗಿ ತಿಳಿದರು ಅನ್ನೋದು ಅವರ ಸಮಜಾಯಿಷಿ. ಅರ್ಧ ನಿಜ. ಫ್ರಿಜ್ಜಿನ ಮಾತನ್ನು ಬೇರೆ ಯಾರೋ ಅವರ ಬಾಯಿಗೆ ತುರುಕಿದ್ದಲ್ಲವಲ್ಲ.

ಅನುಮಾನಕ್ಕೆ ದೊಡ್ಡ ಪೆಟ್ಟು ಬಿದ್ದದ್ದು 1977ರಲ್ಲಿ. ಸೂಸನ್ ಫೋಲ್‌ಸ್ಟೀನ್ ಮತ್ತು ಮೈಕೆಲ್ ರಟರ್ ಎಂಬ ಸಂಶೋಧಕರು ಬ್ರಿಟನ್ನಿನ 21 ಅವಳಿ ಜೋಡಿಗಳನ್ನು ಪರೀಕ್ಷಿಸಿದರು. ತದ್ರೂಪಿ ಅವಳಿಗಳ 11 ಜೋಡಿಯಲ್ಲಿ ನಾಲ್ಕು ಜೋಡಿಯ ಇಬ್ಬರಿಗೂ ಆಟಿಸಂ ಇತ್ತು. ತದ್ರೂಪಿಗಳಲ್ಲದ 10 ಜೋಡಿಯಲ್ಲಿ ಒಂದರಲ್ಲೂ ಹಾಗಿರಲಿಲ್ಲ. ತಾಯಿಯ ಮುದ್ದು ಹೆಚ್ಚುಕಮ್ಮಿಯಾಗಿ ಬರೋದಾಗಿದ್ದರೆ ಎರಡು ಗುಂಪಿಗೂ ಇಷ್ಟು ವ್ಯತ್ಯಾಸ ಯಾಕಿರಬೇಕು? ವಂಶವಾಹಿಯ ಪಾತ್ರ ದೊಡ್ಡದು ಅಂತ ಆಮೇಲಿನ ಅಧ್ಯಯನಗಳೂ ಹೇಳುತ್ತಾ ಬಂದಿವೆ.

1980ರಲ್ಲಿ ಅಮೆರಿಕದ ಮನೋರೋಗಗಳ ಅಧಿಕೃತ ಪಟ್ಟಿಗೆ ಆಟಿಸಂ ಪ್ರತ್ಯೇಕವಾಗಿ ಸೇರಿತು. ಮರುವರ್ಷ, 1981ರ ಏಪ್ರಿಲ್‌ನಲ್ಲಿ ಕ್ಯಾನರ್ ತೀರಿಕೊಂಡರು. ಅವರು ಇದನ್ನು ಬಹಳ ಅಪರೂಪದ ತೊಂದರೆ ಅಂತಲೇ ಭಾವಿಸಿದ್ದರು. ಬ್ರಿಟನ್ನಿನ ಲೋರ್ನಾ ವಿಂಗ್, ಸ್ವತಃ ಮನೋವೈದ್ಯೆ ಮತ್ತು ಆಟಿಸಂ ಇದ್ದ ಮಗಳ ತಾಯಿ, ಲಂಡನ್ನಿನ ಮಕ್ಕಳ ಅಧ್ಯಯನ ಮಾಡಿ ಇದರ ಬಣ್ಣಗಳು ನೂರಾರು, ಕ್ಯಾನರ್ ಹಾಕಿದ ಗೆರೆಯ ಹೊರಗೂ ಇಂಥ ಮಕ್ಕಳಿದ್ದಾರೆ ಅಂತ ತೋರಿಸಿದರು. ಸ್ಪೆಕ್ಟ್ರಂ ಅನ್ನುವ ಮಾತು ಈಗ ವೈದ್ಯರ ಬಾಯಲ್ಲಿ ಕೇಳ್ತೀರಲ್ಲ, ಅದಕ್ಕೆ ಅವರೇ ಕಾರಣ.

ನಿಮ್ಮ ಮನೆಯಲ್ಲಿ ಅಥವಾ ಪರಿಚಯದವರಲ್ಲಿ ಪುಟ್ಟ ಮಗು ಇದ್ದರೆ ಇಷ್ಟು ಗಮನಿಸಿ. ವರ್ಷ ತುಂಬಿದರೂ ಹೆಸರಿಗೆ ತಿರುಗದಿದ್ದರೆ, ಒಂದೂವರೆ ವರ್ಷವಾದರೂ ಬೇಕಾದ್ದನ್ನು ಬೆರಳು ಮಾಡಿ ತೋರಿಸದಿದ್ದರೆ, ಆಡ್ತಿದ್ದ ಮಾತು ನಿಂತುಹೋದರೆ ಮಕ್ಕಳ ವೈದ್ಯರಿಗೆ ತೋರಿಸಿ, ಕಿವಿಯ ಪರೀಕ್ಷೆಯನ್ನೂ ಮಾಡಿಸಿ. ಗಂಡು ಮಕ್ಕಳಿಗೆ ಮಾತು ತಡ ಅಂತ ಹಿರಿಯರು ಹೇಳ್ತಾರೆ ಅಂತ ವರ್ಷಗಟ್ಟಲೆ ಕಾಯಬೇಡಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗಾಗಿಯೇ ಮನೋವೈದ್ಯ ವಿಭಾಗವಿದೆ, ಮೈಸೂರಿನ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲೂ ತಪಾಸಣೆ, ತರಬೇತಿ ಸಿಗುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ, ಹಾಗಾಗಿ ಪ್ರಮಾಣಪತ್ರ ಮಾಡಿಸಿಕೊಳ್ಳಬಹುದು. ಹೋಗುವಾಗ ಮಗುವಿನ ಬಗ್ಗೆ ನೀವು ಕಂಡದ್ದನ್ನೆಲ್ಲ ದಿನಾಂಕ ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಹೋಗಿ. ಈಗಿನ ವೈದ್ಯರು ಅದನ್ನು ಗೀಳು ಅನ್ನಲ್ಲ, ಕೇಳಿ ತೆಗೆದುಕೊಳ್ತಾರೆ.

ಡೊನಾಲ್ಡ್ ಏನಾದ ಅಂತ ಕೇಳ್ತೀರಾ? ಅವನಿಗೆ ಒಂಬತ್ತು ವರ್ಷವಾದಾಗ ಹೆತ್ತವರು ಊರಿನಿಂದ ಹತ್ತು ಮೈಲಿ ದೂರದ ರೈತ ದಂಪತಿಯ ಮನೆಯಲ್ಲಿ ಬಿಟ್ಟರು. 1945ರಲ್ಲಿ ಕ್ಯಾನರ್ ಅಲ್ಲಿಗೆ ಹೋಗಿ ನೋಡಿ ಬೆರಗಾದರು. ಅಳತೆಯ ಹುಚ್ಚಿದ್ದ ಹುಡುಗನಿಗೆ ಅವರು ಬಾವಿ ತೋಡೋಕೆ ಹೇಳಿ, ಎಷ್ಟು ಆಳವಾಯಿತು ಅಂತ ಲೆಕ್ಕ ಕೇಳ್ತಿದ್ದರು. ಜೋಳದ ಸಾಲುಗಳನ್ನು ಮತ್ತೆ ಮತ್ತೆ ಎಣಿಸುತ್ತಿದ್ದವನಿಗೆ ಉಳುಮೆ ಕಲಿಸಿ, ಉಳುತ್ತಲೇ ಎಣಿಸು ಅಂದರು. ಮುಂದೆ ಡೊನಾಲ್ಡ್ ಕಾಲೇಜು ಮುಗಿಸಿ, ಮನೆತನದ ಬ್ಯಾಂಕಿನಲ್ಲಿ ಕೆಲಸ ಮಾಡಿ, ಗಾಲ್ಫ್ ಆಡಿಕೊಂಡು, ದೇಶ ದೇಶ ಸುತ್ತಿಕೊಂಡು ಬಾಳಿದರು. ಕ್ಯಾನರ್ 1971ರಲ್ಲಿ ಅದೇ 11 ಮಕ್ಕಳನ್ನು ಮತ್ತೆ ಹುಡುಕಿ ಬರೆದಾಗ, ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ಬಿಟ್ಟುಬಂದ ಮಕ್ಕಳ ಗತಿ ಬೇರೆಯೇ ಆಗಿತ್ತು. ಡೊನಾಲ್ಡ್ ತೀರಿಕೊಂಡಿದ್ದು 2023ರ ಜೂನ್‌ನಲ್ಲಿ, 89ನೇ ವಯಸ್ಸಿನಲ್ಲಿ, ತಮ್ಮದೇ ಊರಿನಲ್ಲಿ.