ಕ್ಷಯರೋಗಿಯ ಎದೆಗೆ ಕಿವಿಗೊಟ್ಟ ವೈದ್ಯ

ಕೆಮ್ಮು, ಜ್ವರವೆಂದು ನೀವು ವೈದ್ಯರಲ್ಲಿಗೆ ಹೋದಾಗ ಅವರು ಮೊದಲು ಮಾಡುವ ಕೆಲಸ ಯಾವುದು? ಕೊರಳಲ್ಲಿ ಜೋತುಬಿದ್ದ ಸ್ಟೆತೊಸ್ಕೋಪನ್ನು ಕಿವಿಗೆ ಸಿಕ್ಕಿಸಿಕೊಂಡು, ಅದರ ಇನ್ನೊಂದು ತುದಿಯನ್ನು ನಿಮ್ಮ ಎದೆಯ ಮೇಲಿಟ್ಟು, ಉಸಿರೆಳೆದುಕೊಳ್ಳಲು ಹೇಳುತ್ತಾರೆ. ಆ ಉಪಕರಣವನ್ನು ಕಂಡುಹಿಡಿದವರು ಕ್ರೈಸ್ತ ವಿಶ್ವಾಸದಲ್ಲಿ ಬಾಳಿದ ಒಬ್ಬ ಕಥೋಲಿಕ ವೈದ್ಯರು ಎಂಬುದು ನಿಮಗೆ ಗೊತ್ತೇ? ಅವರ ಹೆಸರು ರೆನೆ ಲೆನೆಕ್. ಕ್ಷಯರೋಗದ ಗುಟ್ಟನ್ನು ಅರಿಯಲು ಜೀವನವನ್ನೇ ಮೀಸಲಿಟ್ಟ ಅವರು ಕೊನೆಗೆ ಅದೇ ರೋಗದಿಂದ ತೀರಿಕೊಂಡರು.

ಅವರ ಬಾಳನ್ನು ಇಂದು ನಿಮ್ಮ ಮುಂದಿಡಲು ಒಂದು ಕಾರಣವಿದೆ. ಇಂಥ ಮಹನೀಯರ ಕಥೆ ಕೇಳಿದಾಗ ನಾವು ಅವರ ಬುದ್ಧಿಶಕ್ತಿಯನ್ನು ಕೊಂಡಾಡುತ್ತೇವೆ. ಅವರ ಶಾಲೆಯ ಖರ್ಚನ್ನು ಕೊಟ್ಟವರು ಯಾರು, ಅವರಿಗೆ ಕೆಲಸ ಕಲಿಸಿದವರು ಯಾರು, ಅವರ ಕೈಗೆ ಸಾಧನ ಒದಗಿದ್ದು ಹೇಗೆ ಎಂದು ಕೇಳುವುದಿಲ್ಲ. ದಯವಿಟ್ಟು ಈ ಕಥೆಯನ್ನು ಆ ಪ್ರಶ್ನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿರಿ.

ತಾಯಿಯಿಲ್ಲದ ಮಗು

ಲೆನೆಕ್ ಹುಟ್ಟಿದ್ದು 1781ರ ಫೆಬ್ರವರಿ 17ರಂದು, ಫ್ರಾನ್ಸಿನ ಬ್ರಿಟನಿ ಪ್ರಾಂತದ ಕಾಂಪೇರ್ ಎಂಬ ಊರಿನಲ್ಲಿ. ಬಾಲಕನಿಗೆ ಐದು ವರ್ಷ ತುಂಬಿದಾಗ ತಾಯಿ ತೀರಿಹೋದರು. ಆಕೆಗೂ ಕ್ಷಯವೇ ಇದ್ದಿತೆಂದು ನಂಬಲಾಗಿದೆ. ತಂದೆ ವಕೀಲರು, ಕವಿತೆ ಬರೆಯುವ ಹವ್ಯಾಸ, ಧಾರಾಳವಾಗಿ ಖರ್ಚು ಮಾಡುವ ಕೈ. ಮಕ್ಕಳನ್ನು ಸಾಕುವ ಹೊಣೆ ಅವರಿಂದ ಆಗಲಿಲ್ಲ. ಅಜ್ಜನ ವರಸೆಯ ಒಬ್ಬ ಧರ್ಮಗುರುಗಳು ಮಗುವನ್ನು ಸ್ವಲ್ಪ ಕಾಲ ತಮ್ಮ ಬಳಿ ಇಟ್ಟುಕೊಂಡರು. ಆಮೇಲೆ ನಾಂತ್ ನಗರದಲ್ಲಿ ವೈದ್ಯರಾಗಿದ್ದ ತಂದೆಯ ತಮ್ಮ ಗಿಯೋಮ್ ಲೆನೆಕ್ ಅವರ ಮನೆಗೆ ಅವನು ಬಂದು ಸೇರಿದನು.

ಅದು ಫ್ರೆಂಚ್ ಕ್ರಾಂತಿಯ ಕಾಲ. ಅವರ ಮನೆಯೆದುರಿನ ಚೌಕದಲ್ಲೇ ಮರಣಯಂತ್ರ ನಿಂತಿತ್ತು. ಇಗರ್ಜಿಗಳು ಮುಚ್ಚಿದ್ದವು, ಗುರುಗಳು ತಲೆಮರೆಸಿಕೊಂಡಿದ್ದರು. ಅಂಥ ಭಯದ ದಿನಗಳಲ್ಲಿಯೂ ಚಿಕ್ಕಪ್ಪ ಹುಡುಗನ ಕಲಿಕೆಯನ್ನು ಬಿಡಿಸಲಿಲ್ಲ. 14ನೆಯ ವಯಸ್ಸಿನಲ್ಲೇ ಅವನನ್ನು ಆಸ್ಪತ್ರೆಗೆ ಕರೆದೊಯ್ದು ಗಾಯ ಕಟ್ಟುವುದನ್ನೂ ರೋಗಿಯ ಬಳಿ ನಿಂತು ಗಮನಿಸುವುದನ್ನೂ ಕಲಿಸಿದರು. ಮುಂದೆ ಲೋಕಕ್ಕೆ ಉಪಕಾರವಾದ ಸಂಶೋಧನೆಯ ಮೊದಲ ಬಂಡವಾಳ ಇದೇ: ತನ್ನದಲ್ಲದ ಮಗುವಿಗೆ ಒಬ್ಬ ಚಿಕ್ಕಪ್ಪ ಕೊಟ್ಟ ಅನ್ನ, ಪಾಠ ಮತ್ತು ಸಮಯ.

ಪ್ಯಾರಿಸಿನಲ್ಲಿ ಬರಿಗೈ

1801ರಲ್ಲಿ, 20 ವರ್ಷದ ಯುವಕ ಲೆನೆಕ್ ವೈದ್ಯಶಾಸ್ತ್ರ ಓದಲು ಪ್ಯಾರಿಸಿಗೆ ಹೊರಟರು. ನಡೆದುಕೊಂಡೇ ಹೋದರೆಂದು ಹೇಳುತ್ತಾರೆ. ತಂದೆಯ ಹಣಕ್ಕಾಗಿ ಎಷ್ಟೋ ಪತ್ರಗಳನ್ನು ಬರೆದರು. ಬರುತ್ತಿದ್ದುದು ಕಡಿಮೆ, ಅದೂ ತಡವಾಗಿ. ಆಗಲೂ ಚಿಕ್ಕಪ್ಪನೇ ಆಸರೆ. ಶಾರಿತೆ ಆಸ್ಪತ್ರೆಯಲ್ಲಿ ಸುಪ್ರಸಿದ್ಧ ವೈದ್ಯ ಕಾರ್ವಿಸಾರ್ ಅವರ ಶಿಷ್ಯರಾದರು. 1803ರಲ್ಲಿ ವೈದ್ಯ ಮತ್ತು ಶಸ್ತ್ರಚಿಕಿತ್ಸೆ ಎರಡರಲ್ಲೂ ಪ್ರಥಮ ಬಹುಮಾನ ಗಳಿಸಿ, ಮರುವರ್ಷ ಡಾಕ್ಟರ್ ಪದವಿ ಪಡೆದರು.

ಅದೇ ದಿನಗಳಲ್ಲಿ ಅವರ ವಿಶ್ವಾಸವೂ ಚಿಗುರಿತು. ಹಿಂದೆ ಯೇಸುಸಭೆಯಲ್ಲಿದ್ದ ವೃದ್ಧ ಗುರುಗಳಾದ ದೆಲ್ಪ್ವಿ ಅವರು ವಿದ್ಯಾರ್ಥಿಗಳಿಗಾಗಿ ನಡೆಸುತ್ತಿದ್ದ ಮಾತೆ ಮರಿಯಳ ಸೊದಾಲಿಟಿಗೆ ಲೆನೆಕ್ ಸೇರಿದರು. ಜಪಸರ, ಪಾಪನಿವೇದನೆ, ಪರಮಪ್ರಸಾದ ಇವು ಅವರ ಬದುಕಿನ ಭಾಗವಾದವು. ದೇವರ ಇಲ್ಲವೆಂಬ ಮಾತೇ ವಿದ್ಯಾವಂತಿಕೆಯ ಗುರುತಾಗಿದ್ದ ನಗರದಲ್ಲಿ ಈ ಯುವವೈದ್ಯರು ಸಂಕೋಚವಿಲ್ಲದೆ ಮೊಣಕಾಲೂರುತ್ತಿದ್ದರು.

ಅಲ್ಲಿ ಅವರಿಗೆ ದೊರೆತ ಗೆಳೆಯ ಗಾಸ್ಪಾರ್ ಬೈಲ್. ಇವರೂ ಭಕ್ತ, ಇವರೂ ವೈದ್ಯ. ಸುಮಾರು 900 ಶವಗಳನ್ನು ಪರೀಕ್ಷಿಸಿ 1810ರಲ್ಲಿ ಕ್ಷಯರೋಗದ ಬಗ್ಗೆ ಬಹುಮುಖ್ಯ ಗ್ರಂಥವನ್ನು ಬರೆದರು. ಅದೇ ವರ್ಷ ಲೆನೆಕರ ಸ್ವಂತ ತಮ್ಮ ಕ್ಷಯದಿಂದ ತೀರಿಕೊಂಡನು. 1816ರಲ್ಲಿ ಬೈಲ್ ಕೂಡ ಅದೇ ರೋಗದಿಂದ ಕಣ್ಮುಚ್ಚಿದರು. ರೋಗವನ್ನು ಅಭ್ಯಾಸ ಮಾಡಿದವರನ್ನೇ ರೋಗ ಒಯ್ಯುತ್ತಿತ್ತು. ಲೆನೆಕ್ ಸಹ ಹಿಂದೆ ಕ್ಷಯ ತಗಲಿದ್ದ ಬೆನ್ನೆಲುಬನ್ನು ಗರಗಸದಿಂದ ಕೊಯ್ಯುವಾಗ ತೋರುಬೆರಳಿಗೆ ಗಾಯ ಮಾಡಿಕೊಂಡು, ಅಲ್ಲಿ ಕ್ಷಯದ ಗಂಟು ಎದ್ದುದನ್ನು ತಾವೇ ಗುರುತಿಸಿ ಬರೆದಿಟ್ಟಿದ್ದರು. ಆದರೂ ಅವರು ಆ ಕೆಲಸ ಬಿಡಲಿಲ್ಲ.

ಕಾಗದದ ಸುರುಳಿ

1816ರಲ್ಲಿ ಲೆನೆಕ್ ಪ್ಯಾರಿಸಿನ ನೆಕ್ಕರ್ ಆಸ್ಪತ್ರೆಯ ವೈದ್ಯರಾದರು. ಅದು ಬಡವರ ಆಸ್ಪತ್ರೆ. ಸಂಶೋಧನೆಗೆಂದು ಅವರಿಗೆ ಯಾರೂ ಅನುದಾನ ಕೊಡಲಿಲ್ಲ. ಹೊರಗೆ ಅನುಕೂಲವಂತರಿಗೆ ವೈದ್ಯ ಮಾಡಿ ಹೊಟ್ಟೆ ಹೊರೆಯಬೇಕು, ಆಸ್ಪತ್ರೆಯಲ್ಲಿ ಬಡವರ ಹಾಸಿಗೆಯ ಪಕ್ಕ ನಿಂತು ಕಲಿಯಬೇಕು.

ಆ ಕಾಲದ ವೈದ್ಯರು ಎದೆಯ ಸದ್ದನ್ನು ತಿಳಿಯಲು ಬೆರಳಿನಿಂದ ತಟ್ಟಿ ನೋಡುತ್ತಿದ್ದರು, ಇಲ್ಲವೇ ರೋಗಿಯ ಎದೆಗೆ ನೇರವಾಗಿ ಕಿವಿ ಹಚ್ಚುತ್ತಿದ್ದರು. ಒಂದು ದಿನ ಹೃದಯದ ಕಾಯಿಲೆಯ ಒಬ್ಬ ಯುವತಿ ಬಂದಳು. ಮೈತುಂಬಿಕೊಂಡವಳಾದ್ದರಿಂದ ತಟ್ಟಿ ನೋಡಿದರೆ ಏನೂ ತಿಳಿಯದು. ಹರೆಯದ ಹೆಣ್ಣಿನ ಎದೆಗೆ ಕಿವಿಯಿಡುವುದು ಮರ್ಯಾದೆಯಲ್ಲ. ಆಗ ಅವರಿಗೆ ಒಂದು ಸಂಗತಿ ನೆನಪಾಯಿತು. ಮರದ ತೊಲೆಯ ಒಂದು ತುದಿಗೆ ಕಿವಿಯಿಟ್ಟರೆ ಇನ್ನೊಂದು ತುದಿಯಲ್ಲಿ ಗುಂಡುಸೂಜಿಯಿಂದ ಗೀಚಿದ್ದೂ ಕೇಳಿಸುತ್ತದೆ. ಪಕ್ಕದಲ್ಲಿದ್ದ ಕಾಗದದ ಹಾಳೆಗಳನ್ನು ಬಿಗಿಯಾಗಿ ಸುರುಳಿ ಸುತ್ತಿ, ಒಂದು ತುದಿಯನ್ನು ಆಕೆಯ ಎದೆಯ ಮೇಲೆ, ಇನ್ನೊಂದನ್ನು ತಮ್ಮ ಕಿವಿಗೆ ಇಟ್ಟರು. ಬರಿಯ ಕಿವಿಗಿಂತಲೂ ಸ್ಪಷ್ಟವಾಗಿ ಹೃದಯದ ಬಡಿತ ಕೇಳಿಸಿತು.

ಗಮನಿಸಿರಿ, ಒಬ್ಬ ಹೆಣ್ಣುಮಗಳ ಮಾನಕ್ಕೆ ತೋರಿದ ಗೌರವದಿಂದಲೇ ಈ ಸಾಧನ ಹುಟ್ಟಿತು. ಸದ್ಗುಣವು ಬುದ್ಧಿಗೆ ಅಡ್ಡಿಯಾಗಲಿಲ್ಲ, ದಾರಿ ತೋರಿತು. ದೇವರ ಕೃಪೆ ಮನುಷ್ಯನ ಸಹಜ ಶಕ್ತಿಗಳನ್ನು ಅಳಿಸದೆ ಪೂರ್ಣಗೊಳಿಸುತ್ತದೆಂದು ಸಂತ ಥಾಮಸ್ ಅಕ್ವಿನಾಸರು ಬೋಧಿಸಿದ್ದನ್ನು ಇಲ್ಲಿ ಕಣ್ಣಾರೆ ಕಾಣಬಹುದು.

ಆಮೇಲೆ ಅವರು ಮರದ ತುಂಡುಗಳನ್ನು ಲೇತಿನಲ್ಲಿ ತಾವೇ ಕಡೆದು ಟೊಳ್ಳು ನಳಿಕೆಗಳನ್ನು ಮಾಡಿಕೊಂಡರು. ಎದೆ ಮತ್ತು ನೋಡು ಎಂಬ ಅರ್ಥದ ಎರಡು ಗ್ರೀಕ್ ಮಾತುಗಳಿಂದ ಅದಕ್ಕೆ ಸ್ಟೆತೊಸ್ಕೋಪ್ ಎಂಬ ಹೆಸರಿಟ್ಟರು. ಅಲ್ಲಿಂದ ಮೂರು ವರ್ಷ ಹಗಲೂ ಇರುಳೂ ದುಡಿಮೆ. ರೋಗಿ ಬದುಕಿರುವಾಗ ಎದೆಯಲ್ಲಿ ಕೇಳಿದ ಸದ್ದನ್ನು ಬರೆದಿಡುವುದು. ಆತ ತೀರಿಕೊಂಡರೆ ಶವಪರೀಕ್ಷೆ ಮಾಡಿ ಆ ಸದ್ದು ಎಲ್ಲಿಂದ ಬಂತೆಂದು ನೋಡುವುದು. ಕ್ಷಯದಿಂದ ಶ್ವಾಸಕೋಶ ಕೊರೆದು ಟೊಳ್ಳಾಗಿದ್ದರೆ, ರೋಗಿ ಮಾತಾಡುವಾಗ ದನಿ ಬಾಯಿಂದಲ್ಲ, ಎದೆಯಿಂದಲೇ ನಳಿಕೆಯೊಳಗೆ ಬರುವಂತೆ ಕೇಳುತ್ತಿತ್ತು. ಹೀಗೆ ಬದುಕಿರುವ ಮನುಷ್ಯನ ಎದೆಯೊಳಗಿನ ಕ್ಷಯವನ್ನು ಗುರುತಿಸುವ ವಿದ್ಯೆ ಬೆಳೆಯಿತು. ಬೇರೆ ಬೇರೆ ಅಂಗಗಳಲ್ಲಿ ಕಾಣುವ ಕ್ಷಯದ ಗಂಟುಗಳೆಲ್ಲ ಒಂದೇ ರೋಗದವು ಎಂದು ಅವರು ಹೇಳಿದರು. ಮುಂದೆ ದೊಡ್ಡ ಪಂಡಿತರು ಅದನ್ನು ಅಲ್ಲಗಳೆದರೂ, 1882ರಲ್ಲಿ ಜರ್ಮನಿಯ ರಾಬರ್ಟ್ ಕಾಖ್ ರೋಗಾಣುವನ್ನು ತೋರಿಸಿದಾಗ ಲೆನೆಕರ ಮಾತೇ ನಿಂತಿತು.

ಈ ವಿದ್ಯೆಗೆ ಅವರ ನಿಜವಾದ ಪುಸ್ತಕ ಯಾವುದು? ನೆಕ್ಕರ್ ಆಸ್ಪತ್ರೆಯಲ್ಲಿ ಮಲಗಿದ್ದ ಹೆಸರಿಲ್ಲದ ಬಡವರು. ಬದುಕಿದ್ದಾಗ ಉಸಿರನ್ನೂ ಸತ್ತ ಮೇಲೆ ದೇಹವನ್ನೂ ಅವರು ಒದಗಿಸಿದರು. ಇಂದು ನಾವು ಪಡೆಯುವ ಔಷಧೋಪಚಾರದಲ್ಲಿ ಅವರ ಋಣವೂ ಇದೆ.

ಕಲಿತದ್ದನ್ನು ಕಲಿಸಿದರು

1819ರಲ್ಲಿ ಅವರ ಗ್ರಂಥ ಎರಡು ಸಂಪುಟಗಳಲ್ಲಿ ಹೊರಬಂದಿತು. ಬೆಲೆ 13 ಫ್ರಾಂಕ್; ಇನ್ನು 3 ಫ್ರಾಂಕ್ ಸೇರಿಸಿ ಕೊಟ್ಟವರಿಗೆ ಮರದ ಸ್ಟೆತೊಸ್ಕೋಪೂ ಸಿಗುತ್ತಿತ್ತು. ಸಾಧನವಿಲ್ಲದೆ ಪುಸ್ತಕವೊಂದನ್ನೇ ಓದಿದರೆ ಪ್ರಯೋಜನವಿಲ್ಲವೆಂದು ಅವರಿಗೆ ತಿಳಿದಿತ್ತು. 1821ರಲ್ಲಿ ಜಾನ್ ಫೋರ್ಬ್ಸ್ ಆ ಗ್ರಂಥವನ್ನು ಇಂಗ್ಲಿಷಿಗೆ ತಂದರು.

ಅಷ್ಟರಲ್ಲಿ ಲೆನೆಕರ ಆರೋಗ್ಯ ಕೆಟ್ಟಿತ್ತು. ಬ್ರಿಟನಿಯ ಕೆರ್ಲುಆರ್ನೆಕ್ ಎಂಬ ಹಳ್ಳಿಮನೆಗೆ ಹೋಗಿ ಎರಡು ವರ್ಷ ವಿಶ್ರಮಿಸಿದರು. ಅಲ್ಲೇ ಇದ್ದುಬಿಟ್ಟಿದ್ದರೆ ಬಹುಶಃ ಇನ್ನಷ್ಟು ಕಾಲ ಬದುಕುತ್ತಿದ್ದರು. ಆದರೆ 1821ರ ಕೊನೆಗೆ ಪ್ಯಾರಿಸಿಗೆ ಮರಳಿ ಪ್ರಾಧ್ಯಾಪಕರಾದರು. ಹೊರದೇಶಗಳ ಯುವವೈದ್ಯರು ಅವರನ್ನು ಹುಡುಕಿಕೊಂಡು ಬಂದರು. ಎಲ್ಲರಿಗೂ ಅರ್ಥವಾಗಲೆಂದು ರೋಗಿಯ ಹಾಸಿಗೆಯ ಬಳಿ ಲತೀನಿನಲ್ಲಿ ಪಾಠ ಹೇಳುತ್ತಿದ್ದರು. ಹಿಂದೆ 1814ರ ಯುದ್ಧಕಾಲದಲ್ಲಿ, ಫ್ರೆಂಚ್ ಬಾರದ ಬ್ರಿಟನಿಯ ಸೈನಿಕರು ಜ್ವರದಿಂದ ಮಲಗಿದ್ದಾಗ ಇದೇ ವೈದ್ಯರು ಅವರ ತಾಯ್ನುಡಿಯಲ್ಲಿ ಮಾತಾಡಿ ಸಂತೈಸಿದ್ದರು. ಪಂಡಿತರಿಗೆ ಲತೀನು, ಬಡ ಸೈನಿಕರಿಗೆ ತಾಯಿಮಾತು! ಚಿಕ್ಕಪ್ಪನಿಂದ ಪಡೆದದ್ದನ್ನು ಅವರು ಹೀಗೆ ನೂರ್ಮಡಿಯಾಗಿ ತೀರಿಸಿದರು.

ಕೊನೆಯ ಪಯಣ

1826ರ ವಸಂತದಲ್ಲಿ ಕೆಮ್ಮು, ಜ್ವರ, ಮೈ ಸೊರಗುವಿಕೆ ಹೆಚ್ಚಿದವು. ತಮ್ಮ ಮನೆತನದ ಕಿರಿಯ ವೈದ್ಯ ಮೆರಿಯಾದೆಕನಿಂದ ತಮ್ಮ ಎದೆಗೆ ಸ್ಟೆತೊಸ್ಕೋಪ್ ಇಡಿಸಿ, ಕೇಳಿದ ಸದ್ದನ್ನು ಹೇಳಿಸಿಕೊಂಡರು. ಆ ಸದ್ದಿನ ಅರ್ಥವೇನೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಭೂಮಿಯ ಮೇಲೆ ಯಾರಿದ್ದರು? ಅವರು ಕಲಿಸಿಕೊಟ್ಟ ವಿದ್ಯೆಯೇ ಅವರ ಮರಣದ ಸುದ್ದಿಯನ್ನು ತಂದಿತು.

ಮಡದಿಯೊಡನೆ ಬ್ರಿಟನಿಗೆ ಹೊರಟರು. ದಾರಿಯಲ್ಲಿ ಗಾಡಿ ಮಗುಚಿತು. ಅದನ್ನು ಎತ್ತಿ ನಿಲ್ಲಿಸಿ ಮತ್ತೆ ಕುಳಿತಾಗ ಲೆನೆಕ್ ದಂಪತಿಗಳು ಜಪಸರವನ್ನು ನಿಲ್ಲಿಸಿದ್ದ ಕಡೆಯಿಂದಲೇ ಮುಂದುವರಿಸಿದರೆಂದು ಹೇಳುತ್ತಾರೆ. ಆಗಸ್ಟ್ 13ರಂದು, ಕೊನೆಗಾಲ ಬಂತೆಂದು ತಿಳಿದು, ಬೆರಳಿನ ಉಂಗುರಗಳನ್ನು ಒಂದೊಂದಾಗಿ ತಾವೇ ತೆಗೆದಿಟ್ಟರು. ತಾವು ಸತ್ತ ಮೇಲೆ ಪ್ರೀತಿಪಾತ್ರರು ಆ ನೋವಿನ ಕೆಲಸ ಮಾಡಬೇಕಾಗಬಾರದೆಂಬುದೇ ಅವರ ಆಸೆ. ಅದೇ ದಿನ ಪ್ರಭುವಿನಲ್ಲಿ ನಿದ್ರಿಸಿದರು. ಆಗ ಅವರಿಗೆ 45 ವರ್ಷ. ಉಯಿಲಿನಲ್ಲಿ ಮೆರಿಯಾದೆಕನಿಗೆ ತಮ್ಮ ಸ್ಟೆತೊಸ್ಕೋಪನ್ನು ಬಿಟ್ಟುಹೋದರು. ತಾವು ಕೊಡುವುದರಲ್ಲೆಲ್ಲ ಅದೇ ಅತ್ಯಮೂಲ್ಯವೆಂದು ಅವರು ಎಣಿಸಿದ್ದರು.

ನಮ್ಮ ಪಾಲಿನ ಎರಡು ನಾಣ್ಯ

ಪ್ರಿಯ ವಾಚಕರೇ, ಕ್ಷಯ ಇನ್ನೂ ಹೋಗಿಲ್ಲ. ಗುಣಪಡಿಸುವ ಔಷಧಗಳಿದ್ದೂ ಅದು ಜಗತ್ತಿನಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಜನರನ್ನು ಕೊಲ್ಲುತ್ತದೆ. ರೋಗಿಗಳಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರು ಭಾರತೀಯರು. ಮಕ್ಕಳಿಗೆ ನಾವು ಹಾಕಿಸುವ ಬಿ.ಸಿ.ಜಿ. ಲಸಿಕೆ ಮೊದಲು ಬಳಕೆಗೆ ಬಂದದ್ದು 1921ರಲ್ಲಿ. ಅಷ್ಟು ಹಳೆಯ ಲಸಿಕೆಯನ್ನೇ ಇಂದಿಗೂ ನೆಚ್ಚಿಕೊಂಡಿದ್ದೇವೆ. ಬಡವರನ್ನು ಹೆಚ್ಚಾಗಿ ಕಾಡುವ ರೋಗಕ್ಕೆ ಔಷಧ ಹುಡುಕಿದರೆ ಲಾಭ ಕಡಿಮೆ. ಆದ್ದರಿಂದ ಹಣ ಹಾಕುವವರೂ ಕಡಿಮೆ.

ಆದರೆ ನಾಲ್ಕು ಕೈ ಸೇರಿದರೆ ಏನಾಗುತ್ತದೆಂದು ನಮ್ಮ ನಾಡೇ ತೋರಿಸಿದೆ. 1956ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದರಾಸು ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಬ್ರಿಟನ್ನಿನ ಸಂಶೋಧನಾ ಮಂಡಳಿ ಕೂಡಿ ಮದರಾಸಿನಲ್ಲಿ ಒಂದು ಕೇಂದ್ರ ತೆರೆದವು. ಕ್ಷಯರೋಗಿ ಆಸ್ಪತ್ರೆಯಲ್ಲೇ ಇರಬೇಕಿಲ್ಲ, ಔಷಧ ತಪ್ಪದೆ ತೆಗೆದುಕೊಂಡರೆ ಮನೆಯಲ್ಲೇ ಗುಣವಾಗಬಹುದೆಂದು ಅಲ್ಲಿನ ಅಧ್ಯಯನ ಸಾಬೀತುಮಾಡಿತು. ಬೆಂಗಳೂರಿನಲ್ಲಿ 1959ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ, ದೇಶದ ಕ್ಷಯ ನಿಯಂತ್ರಣಕ್ಕೆ ಬೇಕಾದ ವೈದ್ಯರಿಗೂ ಸಿಬ್ಬಂದಿಗೂ ತರಬೇತಿ ಕೊಟ್ಟಿತು.

ಶುಭಸಂದೇಶದ ಒಳ್ಳೆಯ ಸಮಾರಿಯದವನನ್ನು ನೆನೆಯಿರಿ. ಗಾಯಕ್ಕೆ ಎಣ್ಣೆ ಹೊಯ್ದದ್ದು ನಮಗೆಲ್ಲ ನೆನಪಿದೆ. ಮರುದಿನ ಛತ್ರದವನ ಕೈಗೆ ಎರಡು ಬೆಳ್ಳಿ ನಾಣ್ಯ ಕೊಟ್ಟು, ಹೆಚ್ಚಾದ ಖರ್ಚನ್ನೂ ಹಿಂದಿರುಗುವಾಗ ತೀರಿಸುವೆನೆಂದು ಮಾತು ಕೊಟ್ಟದ್ದನ್ನು ಮರೆಯುತ್ತೇವೆ. ಪರರ ಆರೈಕೆಗೆ ಹಣ ಕೊಡುವುದೂ ಕರುಣೆಯ ಕಾರ್ಯವೇ.

ನಮ್ಮ ಧರ್ಮಕೇಂದ್ರಗಳಲ್ಲಿ ನರ್ಸಿಂಗ್, ಲ್ಯಾಬ್ ತರಬೇತಿ, ವೈದ್ಯಶಾಸ್ತ್ರ ಓದಬೇಕೆಂಬ ಆಸೆಯಿದ್ದೂ ಫೀಸು ಕಟ್ಟಲಾರದ ಮಕ್ಕಳಿದ್ದಾರೆ. ಹಬ್ಬದ ಸಿಡಿಮದ್ದು, ಮದುವೆಯ ಆಡಂಬರದಲ್ಲಿ ಸ್ವಲ್ಪ ಉಳಿಸಿ ಅಂಥ ಒಂದು ಮಗುವಿಗೆ ನೀವು ಗಿಯೋಮ್ ಚಿಕ್ಕಪ್ಪ ಆಗಲಾರಿರಾ? ಹಾಗೆಯೇ, ಎರಡು ವಾರ ಮೀರಿದ ಕೆಮ್ಮನ್ನು ಮನೆಯಲ್ಲಿ ಮುಚ್ಚಿಡಬೇಡಿರಿ. ಮದುವೆ ತಪ್ಪೀತೆಂದು, ನೆರೆಯವರು ಏನಂದಾರೆಂದು ಅಡಗಿಸಿಟ್ಟ ಕ್ಷಯವು ಇಡೀ ಮನೆಯನ್ನು ತಿನ್ನುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ ಮತ್ತು ಔಷಧ ಉಚಿತ.

ಮುಂದಿನ ಬಾರಿ ವೈದ್ಯರು ನಿಮ್ಮ ಎದೆಯ ಮೇಲೆ ಸ್ಟೆತೊಸ್ಕೋಪ್ ಇಟ್ಟಾಗ, ಡಾಕ್ಟರ್ ಲೆನೆಕರಿಗಾಗಿ, ಅವರಿಗೆ ಕಲಿಸಿದ ಚಿಕ್ಕಪ್ಪನಿಗಾಗಿ, ನೆಕ್ಕರ್ ಆಸ್ಪತ್ರೆಯ ಹೆಸರಿಲ್ಲದ ಬಡವರಿಗಾಗಿ ಒಂದು ನಮೋ ಮರಿಯ ಹೇಳಿರಿ. ಆಮೇಲೆ ನಿಮ್ಮ ಜೇಬಿನಲ್ಲಿರುವ ಎರಡು ನಾಣ್ಯಗಳನ್ನು ಯಾರ ಕೈಗೆ ಕೊಡಬೇಕೆಂದು ಯೋಚಿಸಿರಿ.