ಕಡತಗಳಿಗೆ ಗಂಟು ಕಟ್ಟಿದ ಫಿಲ್ ಕಾಟ್ಜ್

ಹತ್ತಾರು ಕಡತಗಳನ್ನು ಒಂದೇ ಗಂಟಾಗಿ ಕಟ್ಟಿ, ಗಾತ್ರ ಕುಗ್ಗಿಸಿ ಇ-ಮೇಲ್ ಮೂಲಕ ರವಾನಿಸುವುದು ಕಚೇರಿಗಳಲ್ಲಿ ನಿತ್ಯದ ಕೆಲಸ. ಆ ಗಂಟಿಗೆ 'ಜಿಪ್' ಎಂದು ಹೆಸರು. ಅದನ್ನು ಜಗತ್ತಿಗೆ ಕೊಟ್ಟ ಫಿಲ್ ಕಾಟ್ಜ್, ಗಣಕ ಲೋಕದಲ್ಲಿ ಮನೆಮಾತಾಗಿದ್ದರೂ ಏಕಾಂಗಿಯಾಗಿ ಬದುಕಿ, 37ನೇ ವಯಸ್ಸಿನಲ್ಲೇ ಕಣ್ಮರೆಯಾದ ದುರಂತ ನಾಯಕ.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮಿಲ್ವಾಕಿ ನಗರದಲ್ಲಿ 1962ರ ನವೆಂಬರ್ 3ರಂದು ಜನಿಸಿದ ಕಾಟ್ಜ್, ಅಲ್ಲಿನ ವಿಶ್ವವಿದ್ಯಾಲಯದಲ್ಲೇ ಗಣಕ ವಿಜ್ಞಾನ ಕಲಿತರು. ಆಗಿನ್ನೂ ಅಂತರಜಾಲ ಜನಸಾಮಾನ್ಯರನ್ನು ತಲುಪಿರಲಿಲ್ಲ. ದೂರವಾಣಿ ತಂತಿಗೆ ಮೋಡೆಮ್ ಜೋಡಿಸಿ ಆಸಕ್ತರು ಕಡತಗಳನ್ನು ಹಂಚಿಕೊಳ್ಳುತ್ತಿದ್ದರು. ವೇಗ ಆಮೆಯದು, ದೂರದ ಕರೆಗೆ ನಿಮಿಷದ ಲೆಕ್ಕದಲ್ಲಿ ಶುಲ್ಕ. ಕಡತ ಕಿರಿದಾದಷ್ಟೂ ಹಣ ಉಳಿತಾಯ!

ಈ ಅಗತ್ಯಕ್ಕೆ ಟಾಮ್ ಹೆಂಡರ್ಸನ್ ಅವರ 'ಸಿಸ್ಟಂ ಎನ್‌ಹ್ಯಾನ್ಸ್‌ಮೆಂಟ್ ಅಸೋಸಿಯೇಟ್ಸ್' ಸಂಸ್ಥೆ 1985ರಲ್ಲಿ 'ಆರ್ಕ್' ತಂತ್ರಾಂಶ ಹೊರತಂದಿತ್ತು. ಕಾಟ್ಜ್ ಅದನ್ನೇ ಹೋಲುವ, ಆದರೆ ಬಹುಪಾಲು ವೇಗದ 'ಪಿಕೆಆರ್ಕ್' ರಚಿಸಿದರು. 1986ರಲ್ಲಿ ಮನೆಯಿಂದಲೇ 'ಪಿಕೆವೇರ್' ಸಂಸ್ಥೆ ಆರಂಭವಾಯಿತು.

ಮೊಕದ್ದಮೆಯ ಬಿಸಿ

1988ರಲ್ಲಿ ಹೆಂಡರ್ಸನ್ ಸಂಸ್ಥೆ ನ್ಯಾಯಾಲಯದ ಮೆಟ್ಟಿಲೇರಿತು. ಮೂಲ ತಂತ್ರಾಂಶದ ಟಿಪ್ಪಣಿಗಳು, ಕಾಗುಣಿತ ದೋಷಗಳು ಕೂಡ ಕಾಟ್ಜ್ ಸಂಕೇತದಲ್ಲಿ ಇರುವುದು ಪರಿಶೀಲನೆಯಲ್ಲಿ ಕಂಡುಬಂತು. ಕಾಟ್ಜ್ ಹಣ ತೆತ್ತು ರಾಜಿಯಾದರು. ಆದರೆ ಬಳಕೆದಾರರ ಸಹಾನುಭೂತಿ ಅವರ ಪಾಲಾಯಿತು. ದೊಡ್ಡ ಸಂಸ್ಥೆಯೊಂದು ಬಡ ಯುವಕನನ್ನು ತುಳಿಯುತ್ತಿದೆ ಎಂದು ಜನ ಭಾವಿಸಿದರು. ವಾಸ್ತವದಲ್ಲಿ ಎದುರಾಳಿಯೂ ಸಣ್ಣ ಸಂಸ್ಥೆಯೇ ಆಗಿತ್ತು.

ಸೋಲನ್ನೇ ಕಾಟ್ಜ್ ಮೆಟ್ಟಿಲಾಗಿಸಿಕೊಂಡರು. 1989ರಲ್ಲಿ ಹೊಸ ವಿನ್ಯಾಸದ 'ಪಿಕೆಜಿಪ್' ಹೊರಬಂತು. ವೇಗವನ್ನು ಸೂಚಿಸುವ 'ಜಿಪ್' ಹೆಸರು ಗೆಳೆಯರೊಬ್ಬರ ಸಲಹೆ. ಈ ಕಡತದ ವಿನ್ಯಾಸವನ್ನು ಕಾಟ್ಜ್ ಬಚ್ಚಿಡದೆ ಎಲ್ಲರ ಬಳಕೆಗೂ ಮುಕ್ತಗೊಳಿಸಿದ್ದೇ ಅದರ ದಿಗ್ವಿಜಯಕ್ಕೆ ಕಾರಣ. 'ಆರ್ಕ್' ಕ್ರಮೇಣ ಮೂಲೆಗುಂಪಾಯಿತು.

1993ರ ಆವೃತ್ತಿಯಲ್ಲಿ ಬಂದ 'ಡಿಫ್ಲೇಟ್' ವಿಧಾನ ಕಾಟ್ಜ್ ಪ್ರತಿಭೆಯ ಶಿಖರ. ಅದು ಎರಡು ಹಳೆಯ ಉಪಾಯಗಳ ಸಂಗಮ. ಒಂದು, ಲೆಂಪೆಲ್ ಹಾಗೂ ಜಿವ್ 1977ರಲ್ಲಿ ಪ್ರಕಟಿಸಿದ ವಿಧಾನ: ಹಿಂದೆ ಬಂದ ಅಕ್ಷರಗಳ ಸಾಲು ಮರುಕಳಿಸಿದರೆ ಅದನ್ನು ಮತ್ತೆ ಬರೆಯದೆ, ಎಷ್ಟು ಹಿಂದೆ ಹೋಗಬೇಕು, ಎಷ್ಟು ಅಕ್ಷರ ತೆಗೆದುಕೊಳ್ಳಬೇಕು ಎಂಬುದನ್ನಷ್ಟೇ ದಾಖಲಿಸುವುದು. ಇನ್ನೊಂದು, ಡೇವಿಡ್ ಹಫ್‌ಮನ್ 1952ರಲ್ಲಿ ಪ್ರಕಟಿಸಿದ್ದು: ಪದೇ ಪದೇ ಬರುವ ಚಿಹ್ನೆಗೆ ಗಿಡ್ಡ ಸಂಕೇತ, ಅಪರೂಪದ್ದಕ್ಕೆ ಉದ್ದನೆಯ ಸಂಕೇತ. ಗಂಟು ಬಿಚ್ಚಿದಾಗ ಒಂದಕ್ಷರವೂ ನಷ್ಟವಾಗದು.

ಒಂಟಿತನ, ಮದ್ಯ

ಹಣ, ಹೆಸರು ಹರಿದುಬಂದರೂ ಕಾಟ್ಜ್‌ಗೆ ವ್ಯವಹಾರ ಒಗ್ಗಲಿಲ್ಲ. ಡಾಸ್‌ಗೆ ಅಂಟಿಕೊಂಡ ಅವರ ಸಂಸ್ಥೆ ವಿಂಡೋಸ್‌ನತ್ತ ಹೊರಳಲು ತಡಮಾಡಿತು. ಆ ಮಾರುಕಟ್ಟೆ 'ವಿನ್‌ಜಿಪ್' ಪಾಲಾಯಿತು. ಮಿತಭಾಷಿ ಕಾಟ್ಜ್ ಮದ್ಯದ ದಾಸರಾದರು. ಕುಡಿದು ವಾಹನ ಚಲಾಯಿಸಿ ಪೊಲೀಸರ ಕೈಗೆ ಸಿಕ್ಕಿದ್ದೂ ಉಂಟು. 2000ದ ಏಪ್ರಿಲ್ 14ರಂದು ಮಿಲ್ವಾಕಿಯ ವಸತಿಗೃಹವೊಂದರಲ್ಲಿ ಅವರ ಶವ ಪತ್ತೆಯಾಯಿತು. ದೀರ್ಘಕಾಲದ ಕುಡಿತದಿಂದ ಮೇದೋಜೀರಕ ಗ್ರಂಥಿಯಲ್ಲಿ ಉಂಟಾದ ರಕ್ತಸ್ರಾವ ಅವರನ್ನು ಬಲಿ ಪಡೆದಿತ್ತು.

ಮರು ವರ್ಷವೇ ಬಂದ ವಿಂಡೋಸ್ ಎಕ್ಸ್‌ಪಿಯಲ್ಲಿ ಜಿಪ್ ಕಡತ ತೆರೆಯಲು ಬೇರೆ ತಂತ್ರಾಂಶವೇ ಬೇಕಿರಲಿಲ್ಲ. ವರ್ಡ್‌ನ ಡಾಕ್ಸ್ ಕಡತ, ಆಂಡ್ರಾಯ್ಡ್ ಮೊಬೈಲ್‌ನ ಎಪಿಕೆ, ಇ-ಪುಸ್ತಕದ ಇಪಬ್ ಎಲ್ಲವೂ ಒಳಗೆ ಜಿಪ್ ಗಂಟುಗಳೇ. ಪಿಎನ್‌ಜಿ ಚಿತ್ರಗಳನ್ನು ಕುಗ್ಗಿಸುವುದೂ ಡಿಫ್ಲೇಟ್. ಜಿಪ್ ಕಡತವೊಂದರ ಒಡಲನ್ನು ಇಣುಕಿ ನೋಡಿದರೆ ಸಾಮಾನ್ಯವಾಗಿ ಮೊದಲು ಕಾಣುವುದು 'ಪಿ' ಮತ್ತು 'ಕೆ' ಎಂಬ ಎರಡು ಇಂಗ್ಲಿಷ್ ಅಕ್ಷರ. ಅವು ಫಿಲ್ ಕಾಟ್ಜ್ ಹೆಸರಿನ ಮೊದಲಕ್ಷರಗಳು.